ಹಿಟ್ಟು ಉಳೀತು, ಎಸರು ಎಲ್ಲಿ ಹೋಯ್ತು? ಮಂಡ್ಯ ಸೀಮೆಯ ದಿನದೂಟದ ಕತೆ



2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಗೋಷ್ಠಿಗಳಲ್ಲಿ ಯಾರು ಏನು ಮಾತಾಡಿದ್ರು ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ಬಾಡೂಟದ ಗಲಾಟೆ ಮಾತ್ರ ಎಲ್ಲರಿಗೂ ನೆನಪಿದೆ. ಮಳಿಗೆಯವರಿಗೆ ಕೊಟ್ಟ ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿದ್ದು ಕಿಡಿ ಹೊತ್ತಿಸ್ತು. ಮಂಡ್ಯಕ್ಕೆ ಬಂದು ಬಾಡು ಬೇಡ ಅಂದ್ರೆ ಹೆಂಗೆ ಅಂತ ಜನ ಕೇಳಿದ್ರು. ನ್ಯಾಯವಾದ ಪ್ರಶ್ನೆನೇ. ಒಬ್ಬರ ಊಟವನ್ನ ಬೀಡಿ, ಬ್ರಾಂದಿ ಪಕ್ಕದಲ್ಲಿ ಬರೆದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ.

ಆದ್ರೆ ಆ ಗಲಾಟೆ ಕೇಳ್ತಾ ನನಗೆ ಇನ್ನೊಂದು ಪ್ರಶ್ನೆ ಹುಟ್ತು. ಹಿಂದಿನ ಕಾಲದಲ್ಲಿ ಮಂಡ್ಯದ ರೈತರ ಮನೆಯಲ್ಲಿ ಬಾಡು ಬೇಯ್ತಿದ್ದದ್ದು ವರ್ಷಕ್ಕೆ ಎಷ್ಟು ದಿನ? ಮಾರಮ್ಮನ ಹಬ್ಬ, ಪಿತೃಪಕ್ಷ, ಬೀಗರೂಟ, ಯುಗಾದಿ ಮಾರನೇ ದಿನದ ಹೊಸತೊಡಕು. ಬೆರಳಲ್ಲಿ ಎಣಿಸಬಹುದು. ಮಿಕ್ಕ ಮುನ್ನೂರ ಚಿಲ್ಲರೆ ದಿನ ಏನು ತಿಂತಿದ್ರು? ‘ಮುದ್ದೆ’ ಅಂತೀರಿ. ಸರಿ. ಮುದ್ದೆ ಜೊತೆಗೆ? ಇವತ್ತಿನ ಮಾತು ಆ ‘ಜೊತೆಗೆ’ ಬಗ್ಗೆ.

ಮೊದಲು ಪದ ಸರಿ ಮಾಡ್ಕೊಳ್ಳೋಣ. ಹೋಟೆಲ್ ಬೋರ್ಡಿನಲ್ಲಿ ಮುದ್ದೆ. ಹಳ್ಳಿ ಮನೆಯಲ್ಲಿ ಅದು ಹಿಟ್ಟು. ‘ಹಿಟ್ಟುಂಡ್ರಾ?’ ಅಂದ್ರೆ ಊಟ ಆಯ್ತಾ ಅಂತ. ಹಿಟ್ಟಿನ ಜೊತೆಗೆ ಎಸರು. ಈ ಎಸರು ಅನ್ನೋ ಮಾತು ನಮ್ಮ ಕಡೆ ಎರಡು ಕೆಲಸ ಮಾಡುತ್ತೆ. ಹಿಟ್ಟು ತೊಳಸೋಕೆ ಒಲೆ ಮೇಲಿಟ್ಟ ನೀರೂ ಎಸರು, ಹಿಟ್ಟು ಅದ್ದಿ ನುಂಗೋ ಸಾರೂ ಎಸರು. ಕವೆಗೋಲಲ್ಲಿ ಮಡಕೆ ಅದುಮಿ ಹಿಡಿದು, ಕೋಲು ಹಾಕಿ ಗಂಟಾಗದಂಗೆ ತೊಳಸೋದು ತೋಳಿನ ಕೆಲಸ. ನಮ್ಮಜ್ಜಿ ಅದನ್ನ ಕಣ್ಣುಮುಚ್ಚಿ ಮಾಡೋರು. ಎಸರು ಮಾಡೋವಾಗ ಮಾತ್ರ ಯೋಚನೆ ಮಾಡೋರು. ‘ಹಿಟ್ಟು ದಿನಾ ಒಂದೇ ಕನಾ, ಎಸರು ದಿನಾ ಬೇರೆ’ ಅನ್ನೋರು. ಆಗ ಅದು ಅಡುಗೆಮನೆ ಮಾತು ಅನ್ಕೊಂಡಿದ್ದೆ. ಅದು ಹೊಲದ ಮಾತು ಅಂತ ಅರ್ಥ ಆಗೋಕೆ ಬಹಳ ವರ್ಷ ಬೇಕಾಯ್ತು.

1800ಕ್ಕೆ ಹೋಗೋಣ. ಟಿಪ್ಪು ಸತ್ತು ಒಂದು ವರ್ಷ. ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಹೊಸದಾಗಿ ಗೆದ್ದ ಸೀಮೆ ನೋಡ್ಕೊಂಡು ಬಾ ಅಂತ ಕಳಿಸ್ತಾನೆ. ಅವನು ಮದ್ದೂರು, ಮಂಡ್ಯದ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಬರ್ತಾನೆ. ಕಂಡದ್ದೆಲ್ಲ ಬರ್ಕೊಳ್ತಾನೆ. ಯಾವ ಮಣ್ಣು, ಯಾವ ಬೆಳೆ, ಎಷ್ಟು ಕಂದಾಯ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯ್ತು. ಒಣ ಬೇಸಾಯದಲ್ಲಿ ರಾಗಿಯೇ ಮುಖ್ಯ, ಸಾಮಾನ್ಯ ಜನರ ಊಟ ಅದೇ ಅಂತ ಅವನು ಬರೀತಾನೆ. ಇದು ನಮಗೆ ಗೊತ್ತಿರೋದೇ. ಗಮನಿಸಬೇಕಾದ್ದು ಇನ್ನೊಂದು. ರಾಗಿ ಹೊಲದಲ್ಲಿ ರಾಗಿ ಒಂದನ್ನೇ ಬಿತ್ತಲ್ಲ, ಸಾಲು ಬಿಟ್ಟು ಸಾಲಿನಲ್ಲಿ ಅವರೆ, ತೊಗರಿ ಹಾಕ್ತಾರೆ ಅನ್ನೋದನ್ನೂ ಅವನು ಗುರುತು ಮಾಡ್ಕೊಂಡಿದ್ದಾನೆ.

ಇದಕ್ಕೆ ನಮ್ಮಲ್ಲಿ ಅಕ್ಕಡಿ ಸಾಲು ಅಂತಾರೆ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋಗ್ತಾರೆ, ಹಿಂದೆ ಬಿದಿರ ಕೊಳವೆ ಕಟ್ಟಿ ಆರೆಂಟು ಸಾಲಿಗೊಂದು ಅಕ್ಕಡಿ ಬಿಡ್ತಾರೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ. ಅಂಚಿಗೆ ಹರಳು. ಈಗ ಆ ಹೊಲವನ್ನ ಅಡುಗೆಯವರ ಕಣ್ಣಲ್ಲಿ ನೋಡಿ. ಹಿಟ್ಟಿಗೆ ರಾಗಿ. ಎಸರಿಗೆ ಅವರೆ, ತೊಗರಿ, ಅಲಸಂದೆ. ಒಗ್ಗರಣೆಗೆ ಸಾಸಿವೆ. ಎಣ್ಣೆಗೆ ಹುಚ್ಚೆಳ್ಳು. ದೀಪಕ್ಕೂ ತಲೆಗೂ ಹರಳೆಣ್ಣೆ. ದನಕ್ಕೆ ರಾಗಿ ಹುಲ್ಲು, ಜೋಳದ ಕಡ್ಡಿ. ದನ ಇದ್ದ ಮೇಲೆ ಮಜ್ಜಿಗೆ. ಉಪ್ಪು ಬಿಟ್ಟು ಊಟದ ಬಹುಪಾಲು ಅಲ್ಲೇ ನಿಂತಿದೆ.

ಸೊಪ್ಪು? ಅದನ್ನ ಬಿತ್ತುತ್ತಲೇ ಇರಲಿಲ್ಲ. ರಾಗಿ ಹೊಲದ ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ತರ್ತಿದ್ರು. ಅಣ್ಣೆಸೊಪ್ಪು, ಕೀರೆ, ಗಣಿಕೆ, ಗೋಣಿಸೊಪ್ಪು. ಹೊಲದವನಿಗೆ ಕಳೆ, ಕೂಲಿಯವಳಿಗೆ ರಾತ್ರಿ ಎಸರು. ಹೊಲ ಯಾರದ್ದೇ ಆಗಿರಲಿ, ಈ ಸೊಪ್ಪನ್ನ ಯಾರೂ ಕೇಳ್ತಿರಲಿಲ್ಲ. ತುಂಡು ಭೂಮಿ ಇಲ್ಲದ ಮನೆಗೂ ಅದು ಬರ್ತಿತ್ತು. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಬಸ್ಸಾರು ಹೇಗೆ ಮಾಡ್ತಾರೆ ನೋಡಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸ್ತಾರೆ. ನೀರು ಬಸೀತಾರೆ. ಆ ಕಟ್ಟಿಗೆ ಖಾರ ಅರೆದು ಹಾಕಿದ್ರೆ ಸಾರು, ಬಸಿದ ಮೇಲೆ ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ಒಂದು ಬೆಂಕಿ, ಒಂದು ಪಾತ್ರೆ, ಎರಡು ಪದಾರ್ಥ. ಉಪ್ಪೆಸರು ಇನ್ನೂ ಬಡವರ ಪದಾರ್ಥ. ಬೇಯಿಸಿದ ಕಟ್ಟಿಗೆ ಉಪ್ಪು ಅಷ್ಟೇ. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಅರೆದ ಖಾರ ಪಕ್ಕಕ್ಕಿಟ್ಟು, ಬೇಕಾದಷ್ಟು ಕಲಸ್ಕೊಳ್ಳೋದು. ಸೌದೆಯ ಲೆಕ್ಕ, ಕಾಳಿನ ಲೆಕ್ಕ ಎರಡನ್ನೂ ಹಾಕಿ ಕಟ್ಟಿದ ಅಡುಗೆ ಇದು. ಈಗ ಬೆಂಗಳೂರಿನಲ್ಲಿ ಇದಕ್ಕೆ ಬೆಳ್ಳಿ ತಟ್ಟೆಯ ಮರ್ಯಾದೆ ಸಿಕ್ಕಿದೆ. ಸಿಗಲಿ.

ರಾಗಿಯ ದೊಡ್ಡ ಗುಣ ಅಂದ್ರೆ ಕೆಡಲ್ಲ, ಹುಳ ಬೀಳೋದು ಕಮ್ಮಿ. ಹಗೇವು ಅಂತ ನೆಲದಲ್ಲಿ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ತಿದ್ರು. ವರ್ಷಗಟ್ಟಲೆ ಇರ್ತಿತ್ತು. ಕನಕದಾಸರ ರಾಮಧಾನ್ಯ ಚರಿತೆ ನೆನಪಿಸ್ಕೊಳ್ಳಿ. ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ ಬಂದು, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡ್ತಾನೆ. ಭತ್ತ ಸೊರಗುತ್ತೆ, ರಾಗಿ ಗಟ್ಟಿಯಾಗಿ ಹೊರಗೆ ಬರುತ್ತೆ. 16ನೇ ಶತಮಾನದ ಈ ಕತೆಯನ್ನ ನಾವು ಜಾತಿ, ಮೇಲು ಕೀಳಿನ ರೂಪಕವಾಗಿ ಓದ್ತೀವಿ, ಓದಬೇಕಾದ್ದೂ ಹಾಗೇ. ಆದ್ರೆ ಹಗೇವು ತೆಗೆದು ನೋಡಿದ ರೈತನಿಗೆ ಅದು ಕಣ್ಣಾರೆ ಕಂಡ ಸತ್ಯ.

ಹಾಗಂತ ಹಗೇವು ಎಲ್ಲವನ್ನೂ ತಡೀತಿತ್ತು ಅನ್ಕೋಬೇಡಿ. 1876ರಿಂದ 78ರವರೆಗಿನ ಬರ, ಧಾತು ಈಶ್ವರ ಸಂವತ್ಸರದ ಬರ ಅಂತ ಹಳಬರು ಹೇಳೋದು. ಮಳೆ ಒಂದಾದ ಮೇಲೊಂದು ವರ್ಷ ಕೈಕೊಟ್ಟಾಗ ಹಗೇವೂ ಬರಿದಾಯ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ಮೀರಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗೆ. ಆ ಅಂಕಿ ಓದಿದಾಗೆಲ್ಲ ನನಗೆ ಸ್ವಲ್ಪ ಹೊತ್ತು ಮುಂದಕ್ಕೆ ಹೋಗೋಕಾಗಲ್ಲ.

ಇಲ್ಲಿ ಸ್ವಲ್ಪ ದೂರದ ಒಂದು ದೇಶ ನೋಡ್ಕೊಂಡು ಬರೋಣ. ಊಟ ಒಂದೇ ಬೆಳೆಗೆ ಕಟ್ಟುಬಿದ್ದಾಗ ಏನಾಗುತ್ತೆ ಅನ್ನೋದಕ್ಕೆ ಪ್ರಪಂಚವೆಲ್ಲ ಹೇಳೋ ಉದಾಹರಣೆ ಐರ್ಲೆಂಡ್. ಅಲ್ಲಿನ ಹಳೇ ಊಟ ಓಟ್ಸ್, ಬಾರ್ಲಿ, ಹಾಲು, ಮೊಸರು, ಬೆಣ್ಣೆ. ನಮ್ಮ ಅಂಬಲಿ, ಮಜ್ಜಿಗೆಯ ದಾಯಾದಿ ಅನ್ನಿ. ಅಮೆರಿಕದಿಂದ ಬಂದ ಆಲೂಗಡ್ಡೆ ನಿಧಾನಕ್ಕೆ ಅದನ್ನ ಪಕ್ಕಕ್ಕೆ ತಳ್ತು. ತುಂಡು ಗೇಣಿ ಜಮೀನಿನಲ್ಲಿ ಒಂದು ಸಂಸಾರ ಸಾಕೋಕೆ ಅಷ್ಟು ಬೆಳೆಯೋದು ಬೇರೆ ಯಾವುದೂ ಇರಲಿಲ್ಲ. ಒಳ್ಳೆ ಓಟ್ಸ್, ಬೆಣ್ಣೆ ಗೇಣಿ ತೀರಿಸೋಕೆ ಹೋಗ್ತಿತ್ತು, ಆಲೂಗಡ್ಡೆ ಹೊಟ್ಟೆಗೆ. 1840ರ ಹೊತ್ತಿಗೆ ಒಬ್ಬ ಕೂಲಿಯಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿಂತಿದ್ದ, ಜೊತೆಗೆ ಮಜ್ಜಿಗೆ. ಕೋಸಿನ ಜಾತಿಯ ಸೊಪ್ಪು ಬೇಯಿಸಿ ಆಲೂಗಡ್ಡೆಗೆ ಮಸೆದು ಕಾಲ್ಕ್ಯಾನನ್ ಅಂತ ಮಾಡ್ತಾರೆ, ನಮ್ಮ ಮಸ್ಸೊಪ್ಪು ತಿಂದವರಿಗೆ ಅದು ಅಪರಿಚಿತ ಅನ್ನಿಸಲ್ಲ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಬಡವರು ಬೆಳೀತಿದ್ದದ್ದು ಬಹುಪಾಲು ಒಂದೇ ತಳಿ, ‘ಲಂಪರ್’. ಎಲ್ಲ ಒಟ್ಟಿಗೆ ಕೊಳೀತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ರು, ಇನ್ನೂ 10 ಲಕ್ಷಕ್ಕಿಂತ ಹೆಚ್ಚು ಜನ ಹಡಗು ಹತ್ತಿದ್ರು. ಅದೇ ಹೊತ್ತಲ್ಲಿ ಅಲ್ಲಿಂದ ಓಟ್ಸು, ದನ ಇಂಗ್ಲೆಂಡಿಗೆ ಹೋಗ್ತಲೇ ಇತ್ತು.

ಅಕ್ಕಡಿ ಸಾಲು ಆ ಒಂದೇ ಬೆಳೆಯ ಅಪಾಯಕ್ಕೆ ಕಟ್ಟಿದ ಬೇಲಿ. ಮುಂಗಾರು ಕೈಕೊಟ್ಟು ರಾಗಿ ಹೋದ್ರೆ ಹಿಂಗಾರಿಗೆ ಅವರೆ, ಹುರುಳಿ ಉಳೀತದೆ. ಎಲ್ಲ ಬರಕ್ಕೂ ಅಲ್ಲ, ಸಣ್ಣ ಪುಟ್ಟ ಬರಕ್ಕೆ.

ಧಾತು ಬರದ ಪರಿಹಾರ ಕೂಲಿಯಾಗಿ ಶುರುವಾದ ಕೆಲಸಗಳಲ್ಲಿ ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣು ಕೆಲಸವೂ ಒಂದು. 1882ರಲ್ಲಿ ಮೈಸೂರಿನವರೆಗೆ ರೈಲು ಓಡ್ತು. ಅದೇ ದಾರಿಯ ಮದ್ದೂರು ಸ್ಟೇಷನ್ನಿನಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಅನ್ನೋರು, ರೈಲು ಬರೋ ಹೊತ್ತಾಯ್ತು ಅಂತ ಅವಸರಕ್ಕೆ ಪಕೋಡದ ಹಿಟ್ಟನ್ನ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ರು, ಅದೇ ಮದ್ದೂರು ವಡೆ ಆಯ್ತು ಅನ್ನೋದು ಎಲ್ಲರೂ ಹೇಳೋ ಕತೆ. ವಡೆ ರುಚಿನೇ, ನನಗೂ ಇಷ್ಟ. ಆದ್ರೆ ಅದರೊಳಗೇನಿದೆ ನೋಡಿ. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ. ಒಂದು ಕಾಳು ರಾಗಿ ಇಲ್ಲ. ಮದ್ದೂರಿನ ಹೆಸರು ದೇಶಕ್ಕೆಲ್ಲ ಹಬ್ಬಿಸಿದ ತಿಂಡಿ ಮದ್ದೂರಿನ ಹೊಲದ್ದಲ್ಲ, ರೈಲಿನದ್ದು.

ಈಗ ನಾಲೆಗೆ ಬರೋಣ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ, ಮುಗಿಯೋ ಹೊತ್ತಿಗೆ 1930ರ ದಶಕ. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಈ ಕತೆ ನಿಮಗೆ ಬಾಯಿಪಾಠ. ಹುಲಿಕೆರೆ ಗುಡ್ಡ ಕೊರೆದು ಸುರಂಗದಲ್ಲಿ ನೀರು ಹಾಯಿಸಿದ ಇರ್ವಿನ್ ನಾಲೆಗೆ ಆಮೇಲೆ ವಿಶ್ವೇಶ್ವರಯ್ಯ ನಾಲೆ ಅಂತ ಹೆಸರಾಯ್ತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು. ಅದರ ಹಿಂದೆ ನಿಂತವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್, ಕೆನಡಾದವರು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಆಯ್ತು. ಅಂದ್ರೆ ಜಿಲ್ಲೆಗಿಂತ ನಾಲೆ ಹಿರಿಯ.

ನಾಲೆ ಬಂದ ಮೇಲೆ ಬದುಕು ಬದಲಾಯ್ತು ಅನ್ನೋದರಲ್ಲಿ ಎರಡು ಮಾತಿಲ್ಲ. ನಾಲೆ ಇಲ್ಲದ ಕಾಲವನ್ನ ಹಾಡಿ ಹೊಗಳೋರು ಆ ಕಾಲದ ಹೆಂಗಸರ ಕೈ ನೋಡಿಲ್ಲ. ಕೋಳಿ ಕೂಗೋಕೆ ಮುಂಚೆ ಎದ್ದು ರಾಗಿ ಬೀಸಬೇಕು, ದಿನಾ. ಒಂದು ಕಹಿ ಲೆಕ್ಕ ಹೇಳ್ತೀನಿ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ತು. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿಗೆ ದೀಪ ಕೊಡ್ತು. ಮಳವಳ್ಳಿ ಹಳ್ಳಿಗಳ ಹೆಂಗಸರು ಅದರ ಪಕ್ಕದಲ್ಲೇ ಎಷ್ಟೋ ವರ್ಷ ಬೀಸೋ ಕಲ್ಲು ತಿರುಗಿಸ್ತಾ ಇದ್ರು. ಹಿಟ್ಟಿನ ಗಿರಣಿ ಊರಿಗೆ ಬಂದ ದಿನ ನಮ್ಮಜ್ಜಿ ಕಲ್ಲನ್ನ ಹಿತ್ತಲಿಗೆ ಉರುಳಿಸಿದ್ರಂತೆ, ಆಮೇಲೆ ಅದು ಬಟ್ಟೆ ಒಗೆಯೋ ಜಾಗದಲ್ಲಿ ಬಿದ್ದಿತ್ತು.

ನಾಲೆ ಬಯಲಲ್ಲಿ ಭತ್ತ ಬಂತು, ಕಬ್ಬು ಬಂತು. ಹಬ್ಬಕ್ಕೆ, ನೆಂಟರಿಗೆ ಮಾತ್ರ ಬೇಯ್ತಿದ್ದ ಅನ್ನ ದಿನದೂಟಕ್ಕೆ ಬಂತು. ಆಲೆಮನೆ ಬೆಲ್ಲದ ವ್ಯಾಪಾರ ಬೆಳೀತು. ಗದ್ದೆ ಬದುವಿನ ಏಡಿ, ನಾಲೆ ಮೀನು ಎಸರಿಗೆ ಸೇರಿದ್ವು. ಏಡಿ ಸಾರು ನಾಲೆ ಕೊಟ್ಟ ಹೊಸ ರುಚಿ ಅನ್ನಬಹುದು. ಮೊದಲಿನ ಯೋಜನೆಯಲ್ಲಿ ಕಬ್ಬು, ಭತ್ತ, ಅರೆ ನೀರಾವರಿ ಬೆಳೆ ಸರದಿ ಮೇಲೆ ಬರಬೇಕು ಅಂತ ಬ್ಲಾಕ್ ಪದ್ಧತಿ ಇತ್ತು. ಆದ್ರೆ ನೀರು ಕಂಡ ರೈತ, ದುಡ್ಡು ಕೊಡೋ ಬೆಳೆ ಬಿಟ್ಟು ರಾಗಿ ಯಾಕೆ ಹಾಕ್ತಾನೆ? ರಾಗಿ ನಾಲೆ ಬಯಲಿಂದ ಒಣ ಹೊಲದ ಕಡೆ ಸರೀತು.

ಹಿಟ್ಟು ಮಾತ್ರ ತಟ್ಟೆಯಿಂದ ಹೋಗಲಿಲ್ಲ. ಮೂಲಂಗಿಯಷ್ಟು ಸುಲಭವಾಗಿ ಅನ್ನ ಬೆಳೆಯೋ ಊರಲ್ಲೂ ಗದ್ದೆ ಕೆಲಸಕ್ಕೆ ಹೋಗೋನು ಹಿಟ್ಟೇ ಕೇಳ್ದ. ಅನ್ನ ಉಂಡ್ರೆ ಹೊತ್ತು ತಡೆಯಲ್ಲ ಅಂತ. ಹಿಟ್ಟಿನ ಅದೃಷ್ಟಕ್ಕೆ ನಾಲೆಯದೇ ಕೂಸಾದ ಮಂಡ್ಯದ ವಿ.ಸಿ. ಫಾರಂ ಅದರ ಕೈ ಹಿಡೀತು. ‘ರಾಗಿ ಬ್ರಹ್ಮ’ ಅಂತ ಜನ ಕರೆಯೋ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಅಲ್ಲೇ. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸ್ಕೊಳ್ಳುತ್ತೆ. ತಳಿ ಬೆರೆಸೋದು ಸುಲಭವಲ್ಲ. ಅವರು ಮೊದಲು ಇಲ್ಲಿನ ತಳಿಗಳನ್ನ, ಆಮೇಲೆ ಆಫ್ರಿಕಾದ ರಾಗಿಯನ್ನ ಇಲ್ಲಿನದಕ್ಕೆ ಬೆರೆಸಿದ್ರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್ ಸೇರಿ ‘ಇಂಡಾಫ್’. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷ ಹಿಂದೆ ಅಗಲಿದ ದಾಯಾದಿಗಳು ಮಂಡ್ಯದ ಫಾರಂನಲ್ಲಿ ಮತ್ತೆ ಕೂಡಿದ್ವು. ಇಳುವರಿ ಏರ್ತು. ಹೊಲ ಕಮ್ಮಿಯಾದ್ರೂ ಕಾಳು ಸಿಕ್ತು. ಈಗಂತೂ ಬೆಂಬಲ ಬೆಲೆಗೆ ಸರ್ಕಾರವೇ ಕೊಳ್ಳುತ್ತೆ, ದಕ್ಷಿಣದ ಜಿಲ್ಲೆಗಳ ರೇಷನ್ನಿನಲ್ಲಿ ಅಕ್ಕಿ ಜೊತೆ ರಾಗಿಯೂ ಬರುತ್ತೆ.

ಹಿಟ್ಟಿಗೆ ಒಬ್ಬ ಲಕ್ಷ್ಮಣಯ್ಯ ಇದ್ರು, ಒಂದು ಫಾರಂ ಇತ್ತು, ಬೆಂಬಲ ಬೆಲೆ ಬಂತು. ಎಸರಿಗೆ ಯಾರೂ ಇರಲಿಲ್ಲ.

ನಿಂತ ನೀರಿನ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗ ಇಲ್ಲ. ಬದುವಿನ ಮೇಲೆ ಹೊನಗೊನೆ ಸೊಪ್ಪು, ಒಂದೆಲಗ ಸಿಗುತ್ತೆ, ಅದೂ ಕಳೆನಾಶಕ ಹೊಡೆಯೋವರೆಗೆ. ಕಬ್ಬಿನ ಗದ್ದೆಯಲ್ಲಿ ಕೂಲಿ ಸಿಗುತ್ತೆ, ಮಡಿಲಿಗೆ ಬೆರಕೆ ಸೊಪ್ಪು ಸಿಗಲ್ಲ. ನೆನಪಲ್ಲಿಡಿ ಅಂದಿದ್ನಲ್ಲ, ಇದೇ. ಭೂಮಿ ಇದ್ದವನಿಗೆ ನಾಲೆ ಕೊಟ್ಟದ್ದು ಹೆಚ್ಚು, ಕಳೆದದ್ದು ಕಮ್ಮಿ. ಕಾಳು ಹೋದ್ರೆ ಅಂಗಡಿಯಿಂದ ತರ್ತಾನೆ. ಭೂಮಿ ಇಲ್ಲದವಳಿಗೆ ಪುಕ್ಕಟೆ ಬರ್ತಿದ್ದ ಊಟದ ಅರ್ಧ ಭಾಗ ಹೋಯ್ತು. ಅವಳ ತಟ್ಟೆಯಲ್ಲಿ ಹಿಟ್ಟು ಇದೆ, ರೇಷನ್ ಅನ್ನ ಇದೆ, ಎಸರು ತೆಳುವಾಗ್ತಾ ಬಂತು. ನಾಲ್ಕು ಟೊಮ್ಯಾಟೊ, ಹುಣಸೆ ನೀರು.

ಇದು ಬರೀ ರುಚಿಯ ಮಾತಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಯಾವ ಧಾನ್ಯವೂ ಹತ್ತಿರಕ್ಕೆ ಬರಲ್ಲ. ಆದ್ರೆ ಪ್ರೋಟೀನು ನೂರಕ್ಕೆ ಏಳರಷ್ಟು, ಅದರಲ್ಲೂ ಲೈಸೀನ್ ಕಮ್ಮಿ. ಆ ಲೈಸೀನ್ ಇರೋದು ಅವರೆ, ಹುರುಳಿ, ತೊಗರಿಯಲ್ಲಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನೋ ಗಾದೆಯನ್ನ ಎಲ್ಲರೂ ಹೇಳ್ತಾರೆ. ಬೆಟ್ಟ ಕೀಳೋಕೆ ಹಿಟ್ಟಿನ ಜೊತೆ ಹುರುಳಿ ಎಸರೂ ಬೇಕಿತ್ತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮೇಳಗಳಾದ್ವು, ರಾಗಿ ಬಿಸ್ಕತ್ತು, ರಾಗಿ ಪಿಜ್ಜಾ ಎಲ್ಲ ಬಂತು. ಅಲ್ಲಿ ಅಕ್ಕಡಿ ಸಾಲಿನ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಕೊನೆಗೆ ಮಳವಳ್ಳಿ. ವಿಶ್ವೇಶ್ವರಯ್ಯ ನಾಲೆಗೆ ಮದ್ದೂರು, ಮಳವಳ್ಳಿ ಕೊನೆ ಭಾಗ. ನೀರು ತಲುಪಲ್ಲ ಅನ್ನೋ ಕೂಗು ಪ್ರತಿ ಬೇಸಿಗೆಯ ಸುದ್ದಿ. ನೀರಿಲ್ಲದ್ದು ಕಷ್ಟವೇ, ಅದನ್ನ ಚೆಂದ ಮಾಡಿ ಹೇಳಲ್ಲ ನಾನು. ಆದ್ರೆ ನಾಲೆ ಮುಟ್ಟದ ಕಡೆ ಹಳೇ ಹೊಲ ಇನ್ನೂ ಅಷ್ಟಿಷ್ಟು ಉಳಿದಿದೆ. ಬಾಡೂಟಕ್ಕೆ ಜನ ಹುಡುಕ್ಕೊಂಡು ಹೋಗೋ ಬಂಡೂರು ಕುರಿ, ಗಿಡ್ಡ ಕಾಲಿನ, ಗುಂಡು ಮೈಯಿನ, ಮೆತ್ತಗಿನ ಮಾಂಸದ ಕುರಿ, ಅದಕ್ಕೆ ಹೆಸರು ಕೊಟ್ಟ ಬಂಡೂರು ಇರೋದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ಕುರಿ ಮೇಯೋದು ಬೀಳಿನಲ್ಲಿ, ಕಟಾವಾದ ಒಣ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಲ್ಲ. ಸಮ್ಮೇಳನದಲ್ಲಿ ಜಗಳಕ್ಕೆ ಕಾರಣವಾದ ಬಾಡೂ ಬಸ್ಸಾರಿನ ಅವರೆಯೂ ಒಂದೇ ಒಣ ನೆಲದ ಮಕ್ಕಳು.

ಡಿಸೆಂಬರಲ್ಲಿ ಹಲಗೂರು ಕಡೆ ಹೋದ್ರೆ ನೋಡಿ. ರಾಗಿ ಕುಯ್ದು ಮೆದೆ ಹಾಕಿರ್ತಾರೆ. ಬರಿದಾದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಅವರೆ ಮಾತ್ರ ಹಸಿರಾಗಿ ನಿಂತಿರುತ್ತೆ, ಹೂವು, ಕಾಯಿ ಒಟ್ಟಿಗೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ಹೋದ್ರೆ ಕಾಯಿ ಬಿಡಿಸ್ಕೊಂಡು ಸಂತೆಗೆ ಹೊರಟಿರ್ತಾರೆ.